ಪೈಪಿಗೆ ಕಾವು ಕೊಟ್ಟ ಚಿಕ್ಕನಿಂಗಮ್ಮ

ಮೊದಲಿಗೆ ಓದುವವರಲ್ಲಿ ಕ್ಷಮೆ ಕೇಳಿಕೊಳ್ಳುತ್ತೇನೆ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಓದನ್ನು ಅರ್ಧಕ್ಕೇ ಬಿಟ್ಟವಳು ನಾನು. ಒತ್ತು, ದೀರ್ಘ ಎಲ್ಲೆಲ್ಲಿ ತಪ್ಪಿದೆಯೋ ಗೊತ್ತಿಲ್ಲ. ದೊಡ್ಡ ಮಾತುಗಳೂ ನನಗೆ ಬರುವುದಿಲ್ಲ. ನಮ್ಮ ಯಳಂದೂರಿನಲ್ಲಿ ಬಾಣಂತಿಯರಿಗೂ ಎಳೆಗೂಸುಗಳಿಗೂ ನೀರು ಹಾಕುವ ಚಿಕ್ಕನಿಂಗಮ್ಮನ ವಿಚಾರವನ್ನು ಅವಳ ಬಾಯಿಂದಲೂ ಇದೆಲ್ಲ ನಡೆದ ಮನೆಯವರ ಬಾಯಿಂದಲೂ ಕೇಳಿ, ಕೇಳಿದಷ್ಟನ್ನೇ ಬರೆದಿದ್ದೇನೆ.

ಚಿಕ್ಕನಿಂಗಮ್ಮ ಹುಟ್ಟಿದ್ದು ದೂರದ ಗೋಪಿನಾಥಂನಲ್ಲಿ. ಒಂದು ಕಡೆ ಕಾಡು, ಇನ್ನೊಂದು ಕಡೆ ಕಾವೇರಿ. ಆ ಊರಿನ ಕೂಸುಗಳು ಅಳುವುದು ಕನ್ನಡದಲ್ಲೋ ತಮಿಳಿನಲ್ಲೋ ಹೇಳಲಾಗುವುದಿಲ್ಲ ಎಂದು ಅವಳೇ ನಗುತ್ತಾಳೆ. ಅದೆಲ್ಲ ಆಗ ಕೋಯಮತ್ತೂರು ಜಿಲ್ಲೆಗೆ ಸೇರಿದ್ದ ಸೀಮೆ. ಅಲ್ಲಿಂದ ಮದುವೆಯಾಗಿ ಅರ್ಧ ದಾರಿ ನಡೆದು, ಅರ್ಧ ದಾರಿ ಗಾಡಿಯಲ್ಲಿ ಕುಳಿತು, ಈಚೆ ಕಡೆಯ ಮೈಸೂರು ಸೀಮೆಯ ನಮ್ಮ ಊರಿಗೆ ಬಂದಳು. ಗಂಡ ಚಳಿಜ್ವರ ಬಂದು ಬೇಗನೆ ಹೋಗಿಬಿಟ್ಟ. ಮಕ್ಕಳಾಗಿರಲಿಲ್ಲ. ತೌರಿಗೆ ಹಿಂದಿರುಗೋಣವೆಂದರೆ ಅಲ್ಲಿ ಅವ್ವನೂ ಉಳಿದಿರಲಿಲ್ಲ. ಆಗ ಅತ್ತೆ ಕೆಂಪಾಜಮ್ಮ ಅವಳನ್ನು ತನ್ನ ಜೊತೆ ಮನೆಮನೆಗೆ ಕರೆದುಕೊಂಡು ಹೋಗತೊಡಗಿದಳು. ಬಾಣಂತಿಗೆ ನೀರು ಹಾಕುವುದು ಆ ಅತ್ತೆಯ ಕೆಲಸ.

"ಮಕ್ಳಿಲ್ಲ ಅಂತ ಮೂಲೇಲಿ ಕೂತ್ಕಂಡು ಅಳ್ಬ್ಯಾಡ ಕಣಮ್ಮಿ," ಎಂದಿದ್ದಳಂತೆ ಕೆಂಪಾಜಮ್ಮ. "ಕಾಲ್ ಮ್ಯಾಲೆ ಮಲಗಿಸ್ಕಂಡಷ್ಟೊತ್ತು ಕೂಸು ನಿಂದೇಯ. ಒರೆಸಿ ಕೊಟ್ಮ್ಯಾಲೆ ಅವರ್ದು."

ಅತ್ತೆ ತೀರಿಕೊಂಡ ಮೇಲೂ ಆ ಕೆಲಸ ಚಿಕ್ಕನಿಂಗಮ್ಮನ ಕೈಯಲ್ಲೇ ಉಳಿಯಿತು. ಬಚ್ಚಲಿನಲ್ಲಿ ಮಣೆ ಹಾಕಿಕೊಂಡು, ಕಾಲು ನೀಡಿ ಕುಳಿತು, ಕಾಲುಗಳ ಮೇಲೆ ಕೂಸನ್ನು ಬೋರಲು ಮಲಗಿಸಿಕೊಳ್ಳುವಳು. ಹಂಡೆಯ ನೀರು ಹೊಗೆಯಾಡುತ್ತಿರುತ್ತದೆ. ಒಲೆಯ ಹೊಗೆ, ನೀರಿನ ಹಬೆ, ಸೀಗೆಪುಡಿಯ ವಾಸನೆ ಎಲ್ಲ ಬೆರೆತು, ಗೋಡೆ ಎಲ್ಲಿದೆ ಬಾಗಿಲು ಎಲ್ಲಿದೆ ಎನ್ನುವುದೇ ಮರೆತುಹೋಗುವ ಹಾಗಿರುತ್ತದೆ. "ಕಣ್ಣು, ಕಣ್ಣು, ಅಳ್ಬ್ಯಾಡ ಕಣ್ಣು," ಎಂದು ತೌರಿನ ತಮಿಳಿನ ಮುದ್ದುಮಾತು ಬೆರೆಸಿ ಕೂಸನ್ನು ರಮಿಸುತ್ತ ಅವಳು ಕಣ್ಣು ಅರೆಮುಚ್ಚಿ ನೀರು ಹುಯ್ಯುತ್ತಾಳೆ. ನೋಡಿದವರು "ನಿಂಗವ್ವ ನೀರಾಕ್ತಾ ನಿದ್ದೆ ಮಾಡ್ತಾಳೆ" ಎಂದು ಆಡಿಕೊಳ್ಳುತ್ತಾರೆ.

ಅವಳು ನಿದ್ದೆ ಮಾಡುವುದಿಲ್ಲ. ನೀರಿನ ಹಿಂದೆ ಹೋಗುತ್ತಾಳೆ. ಕೂಸಿನ ಬೆನ್ನಿನಿಂದ ಜಾರಿದ ನೀರು ಅರಿಸಿನದ ಬಣ್ಣ ಹೊತ್ತು ಬಚ್ಚಲ ತೂಬಿನೊಳಗೆ ಇಳಿಯುತ್ತದೆ. ತೂಬಿನಿಂದ ಹಿತ್ತಲು, ಹಿತ್ತಲಿನಿಂದ ಕಾಲುವೆ, ಕಾಲುವೆಯಿಂದ ಹೊನ್ನುಹೊಳೆ. ಹೊನ್ನುಹೊಳೆ ಕೊಳ್ಳೇಗಾಲದ ಹತ್ತಿರ ಕಾವೇರಿಗೆ ಸೇರುತ್ತದೆ. ಕಾವೇರಿ ಶಿವನಸಮುದ್ರದಲ್ಲಿ ಧುಮುಕಿ, ಕಲ್ಲು ಕಾಡು ದಾಟಿ, ಕೊನೆಗೆ ಗೋಪಿನಾಥಂ ಪಕ್ಕದಲ್ಲಿ ಹಾಯುತ್ತದೆ. ಅಲ್ಲಿ ಬಂಡೆಯ ಮೇಲೆ ಅವಳ ಅವ್ವ ಸೀರೆ ಒಗೆಯುತ್ತಿರುತ್ತಾಳೆ. ಸತ್ತು ಎಷ್ಟೋ ಕಾಲವಾದ ಅವ್ವ. ನೀರಿನಲ್ಲಿ ಸೀಗೆಯ ವಾಸನೆ ಹಿಡಿದು ತಲೆಯೆತ್ತಿ, "ಓ, ಯಳಂದೂರಲ್ಲಿ ಯಾರೋ ಹೆತ್ತವ್ರೆ" ಎನ್ನುತ್ತಾಳೆ. ಚಿಕ್ಕನಿಂಗಮ್ಮನಿಗೆ ಅಷ್ಟು ಸಾಕು. ಕಣ್ಣು ಬಿಟ್ಟು ಕೂಸನ್ನು ಒರೆಸುತ್ತಾಳೆ.

ಈಗ ಆ ಪೈಪಿನ ವಿಚಾರ.

ಸದಾಶಿವಪ್ಪನವರು ನಮ್ಮೂರಿನ ಎಣ್ಣೆ ವ್ಯಾಪಾರಿಗಳು. ಹಿಪ್ಪೆ ತೋಪು, ಗಾಣ ಎರಡೂ ಅವರದೇ. ಒಮ್ಮೆ ಮೈಸೂರಿನಲ್ಲಿ ಯಾರದೋ ದೊಡ್ಡ ಮನೆಗೆ ಹೋಗಿದ್ದಾಗ ಬಚ್ಚಲ ನೀರು ಕಬ್ಬಿಣದ ಪೈಪಿನಲ್ಲಿ ಸದ್ದಿಲ್ಲದೆ ಹೊರಗೆ ಹೋಗುವುದನ್ನು ಕಂಡು ಬಂದರು. ಬಂದವರೇ ತಮ್ಮ ಮನೆಯ ಹಳೇ ಕಲ್ಲುಕಾಲುವೆ ಕೀಳಿಸಿ ಪೈಪು ಹಾಕಿಸಿದರು. ಅದು ಬಚ್ಚಲ ಗೋಡೆಯಿಂದ ಹೊರಗೆ ಬಂದು, ಹಿತ್ತಲ ಗೋಡೆಯ ನೆರಳಿನಲ್ಲಿ ಕಲ್ಲುಗಳ ಮೇಲೆ ಇಳಿಜಾರಾಗಿ ಸಾಗಿ, ನಡುವೆ ಒಂದು ತಿರುವು ತಿರುಗಿ, ಬಾಳೆ ಬುಡದ ಗುಂಡಿಗೆ ಬಾಯಿ ಬಿಡುತ್ತಿತ್ತು. ಮನೆಗೆ ನೆಂಟರು ಬಂದರೆ ಅವರ ಕೈಗೆ ನೀರಿನ ಚೊಂಬು ಕೊಡುವುದಕ್ಕೂ ಮೊದಲು ಹಿತ್ತಲಿಗೆ ಕರೆದೊಯ್ದು ಪೈಪು ತೋರಿಸುತ್ತಿದ್ದರು.

ಆ ವರ್ಷ ಅವರ ಮಗಳು ಗುರುಬಸಮ್ಮ ಧನಗೆರೆಯಿಂದ ಚೊಚ್ಚಲ ಹೆರಿಗೆಗೆ ತೌರಿಗೆ ಬಂದಿದ್ದಳು. ಮಾರ್ಗಶಿರದ ಚಳಿಯಲ್ಲಿ ಹೆಣ್ಣು ಕೂಸು ಹುಟ್ಟಿತು. ಹೆರಿಗೆಯಲ್ಲಿ ಕೂಸಿನ ಹಿಂದೆ ಬಿದ್ದ ಮಾಸನ್ನು ಬಾಳೆ ಬುಡದ ಆ ಗುಂಡಿಯಲ್ಲೇ ಹೂಳಿದರು. ನಮ್ಮ ಕಡೆ ಹಾಗೆ ಪದ್ಧತಿ. ತಾಯಿ ಮಗುವಿನ ಮೈಮೇಲಿನ ನೀರು ಬೆಚ್ಚಗೆ ಮಾಸಿನ ಮೇಲೆ ಬೀಳಬೇಕು. ಬಿದ್ದರೆ ಕೂಸಿಗೆ ಶೀತವಾಗುವುದಿಲ್ಲ, ತಾಯಿಗೆ ಹಾಲು ಹರಿಯುತ್ತದೆ ಎನ್ನುತ್ತಾರೆ. ತಿಂಗಳು ತುಂಬುವ ತನಕ ಆ ಮಣ್ಣನ್ನು ಯಾರೂ ಅಗೆಯುವುದಿಲ್ಲ. ಅಲ್ಲಿಗೆ ಕುದಿಯುವ ನೀರನ್ನೂ ಹುಯ್ಯುವುದಿಲ್ಲ.

ಬಾಣಂತಿಯ ಸೊಂಟಕ್ಕೆ ಹಿಪ್ಪೆ ಎಣ್ಣೆಯನ್ನೇ ಕಾಸಿ ತಿಕ್ಕಬೇಕೆಂದು ಸದಾಶಿವಪ್ಪನವರ ಹೆಂಡತಿ ಶಂಕರಮ್ಮನವರ ಹಟ. ಮನೆಯ ಗಾಣದ ಎಣ್ಣೆ, ಧಾರಾಳವಾಗಿ ಸುರಿಯುತ್ತಿದ್ದರು. ಹಿಪ್ಪೆ ಎಣ್ಣೆಯ ಗುಣ ಗೊತ್ತಲ್ಲ, ಬಿಸಿಯಿದ್ದರೆ ನೀರಿನ ಹಾಗೆ, ತಣ್ಣಗಾದರೆ ಬೆಣ್ಣೆಯ ಹಾಗೆ. ಅದರ ಜೊತೆಗೆ ಸೀಗೆಪುಡಿ, ಕಡಲೆಹಿಟ್ಟು. ಹಳೇ ಕಲ್ಲುಕಾಲುವೆಯಾಗಿದ್ದರೆ ಪೊರಕೆಯಲ್ಲಿ ತಳ್ಳಿಬಿಡಬಹುದಿತ್ತು. ಪೈಪಿನ ಹೊಟ್ಟೆಯೊಳಗೆ ಏನು ಕೂತಿದೆ ಎಂದು ಯಾರಿಗೆ ಕಾಣುತ್ತದೆ?

ಧನುರ್ಮಾಸದ ಒಂದು ಬೆಳಿಗ್ಗೆ ಬಿಳಿಗಿರಿ ಬೆಟ್ಟದ ಕಡೆಯಿಂದ ಇಳಿದ ಮಂಜು ಬೀದಿ ತುಂಬ ಹತ್ತಿಯ ಹಾಗೆ ಬಿದ್ದುಕೊಂಡಿತ್ತು. ಎದುರು ಮನೆಯ ಜಗಲಿಯೂ ಕಾಣುತ್ತಿರಲಿಲ್ಲ. ಚಿಕ್ಕನಿಂಗಮ್ಮ ಬಾಗಿಲಲ್ಲಿ ನಿಂತು, ಊರೆಲ್ಲ ಒಂದು ದೊಡ್ಡ ಬಚ್ಚಲಾಗಿದೆ, ಯಾರೋ ಮೇಲೆ ಕುಳಿತು ನೀರು ಹಾಕುತ್ತಿದ್ದಾರೆ ಎಂದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಮಂಜಿನೊಳಗಿಂದ ಕಂಬಳಿ ಹೊದ್ದ ಮಾದಸ್ವಾಮಿ ಬಂದ. ಅವನು ಸದಾಶಿವಪ್ಪನವರ ಮನೆಯ ಆಳು. ಮಾತಿನಲ್ಲಿ ಬಹಳ ಜಿಪುಣ.

"ನಿಂಗವ್ವೋ, ಕಟ್ಕಂಡದಂತೆ. ಬಿರ್ರನೆ ಬರ್ಬೇಕಂತೆ," ಎಂದ.

"ಯಾವಾಗ್ನಿಂದ್ಲಾ?"

"ರಾತ್ರಿಯಿಂದ್ಲೇಯ. ಕಲ್ಲಾಗದೆ."

"ಎರಡೂ ಕಡೇನೂವಾ?"

"ಎರಡೂ ಕಡೇನೂವೆ," ಎಂದು ಹೇಳಿ ಅವನು ಹಿಂತಿರುಗಿ ಮಂಜಿನಲ್ಲಿ ಕರಗಿಹೋದ.

ಬಾಣಂತಿ ಮನೆಯಿಂದ ಕಟ್ಟಿಕೊಂಡಿದೆ ಎಂದು ಹೇಳಿ ಕಳಿಸಿದರೆ ನೀರು ಹಾಕುವವಳು ತಿಳಿದುಕೊಳ್ಳುವುದು ಒಂದೇ. ಎದೆಯಲ್ಲಿ ಹಾಲು ಕಟ್ಟಿಕೊಂಡಿದೆ, ಕೂಸಿಗೆ ಬಾಯಿ ಹಾಕಲು ಆಗುತ್ತಿಲ್ಲ ಎಂದು. ಚಿಕ್ಕನಿಂಗಮ್ಮ ಹಿತ್ತಲಿಗೆ ಓಡಿ, ಮಂಜಿನಲ್ಲಿ ತೊಯ್ದ ಹರಳುಗಿಡದ ಎಲೆಗಳನ್ನು ಮಡಿಲು ತುಂಬ ಕಿತ್ತುಕೊಂಡು ಹೊರಟಳು. ಕೆಂಡದ ಮೇಲೆ ಬಾಡಿಸಿ ಎದೆಗೆ ಕಟ್ಟಿದರೆ ಕಟ್ಟಿದ ಹಾಲು ಸಡಿಲುತ್ತದೆ.

ಹೋಗಿ ನೋಡಿದರೆ ಸದಾಶಿವಪ್ಪನವರು ಶಾಲು ಹೊದ್ದು ಹಿತ್ತಲಲ್ಲಿ ಪೈಪಿನ ಮುಂದೆ ನಿಂತಿದ್ದರು. ಮಾದಸ್ವಾಮಿ ಬಿದಿರು ದಬ್ಬೆ ಹಿಡಿದು ಒಮ್ಮೆ ಬಚ್ಚಲ ಕಡೆಯಿಂದ, ಒಮ್ಮೆ ಬಾಳೆಯ ಕಡೆಯಿಂದ ತಿವಿಯುತ್ತಿದ್ದ. ಬಚ್ಚಲೊಳಗೆ ನಿನ್ನೆಯ ನೀರು ಪಾದ ಮುಳುಗುವಷ್ಟು ನಿಂತು, ಮೇಲೆ ಬೆಳ್ಳಗೆ ಕೆನೆ ಕಟ್ಟಿತ್ತು.

"ಅದೇನಮ್ಮಿ ಮಡ್ಲಲ್ಲಿ?" ಎಂದರು ಸದಾಶಿವಪ್ಪ.

"ಅಳ್ಳೆಲೆ ಬುದ್ದಿ. ಕಟ್ಕಂಡದೆ ಅಂದ್ನಲ್ಲ ಮಾದಸ್ವಾಮಿ."

"ಪೈಪ್ ಕಟ್ಕಂಡದೆ ಕಣಮ್ಮಿ! ಇದರೊಳಗೆ ಬೀಳೋದು ನೀನು ಉಯ್ಯೋ ಎಣ್ಣೆ, ಸೀಗೆ. ಅದ್ಕೇ ನಿನ್ನ ಕರೆಸಿದ್ದು. ಪೈಪ್ಗೂ ಅಳ್ಳೆಲೆ ಕಟ್ತಿಯೇನು?"

ಮಾದಸ್ವಾಮಿ ಕಂಬಳಿಯೊಳಗೆ ಮುಖ ಇಟ್ಟುಕೊಂಡು ನಕ್ಕ. ಚಿಕ್ಕನಿಂಗಮ್ಮ ನಾಚಿಕೆಯಿಂದ ಎಲೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆದರೆ ಅವಳ ಕಿವಿ ಒಳಗಿತ್ತು. ಕೋಣೆಯಲ್ಲಿ ಕೂಸು ಅಳುತ್ತಿತ್ತು. ಹಸಿದ ಕೂಸಿನ ಅಳು ಬೇರೆ, ಹೊಟ್ಟೆನೋವಿನ ಅಳು ಬೇರೆ. ಇದು ಹಸಿದು ಹಸಿದು ಗಂಟಲು ಒಣಗಿದ ಅಳು.

ಅವಳು ಒಳಗೆ ಹೋದಳು. ಗುರುಬಸಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹಣೆ ಸುಡುತ್ತಿತ್ತು. ಸೆರಗು ಸರಿಸಿ ಮುಟ್ಟಿದರೆ ಎದೆ ಎರಡೂ ಕಡೆ ಕಲ್ಲು.

"ಯಾಕವ್ವ ಏಳ್ಲಿಲ್ಲ ಯಾರ್ಗೂ?"

"ಎಲ್ರೂ ಪೈಪು ಪೈಪು ಅಂತ ಓಡಾಡ್ತಾವ್ರೆ," ಎಂದಳು ಗುರುಬಸಮ್ಮ ಮೆಲ್ಲಗೆ. "ಅಪ್ಪಾಜಿ ಮುಂದೆ ಏನಂತ ಏಳದು ನಿಂಗವ್ವ? ನಾಚ್ಕೆ ಆಯ್ತದೆ. ಕೂಸು ಬಾಯಾಕ್ತದೆ, ಜಾರ್ತದೆ, ಅಳ್ತದೆ."

ತಪ್ಪಾಗಿ ತಿಳಿದುಕೊಂಡದ್ದೇ ನಿಜವಾಗಿ ಕುಳಿತಿತ್ತು. ಶಂಕರಮ್ಮ ಓಡಿ ಬಂದು ಮಗಳನ್ನು ಮುಟ್ಟಿ ನೋಡಿ ಎದೆ ಎದೆ ಬಡಿದುಕೊಂಡರು. ಚಿಕ್ಕನಿಂಗಮ್ಮ ಎಲೆ ಬಾಡಿಸಿ ಕಟ್ಟಿದಳು. ಆದರೆ ಅಷ್ಟು ಕಲ್ಲಾದದ್ದಕ್ಕೆ ಎಲೆಯೊಂದೇ ಸಾಲದು. ಬೆನ್ನಿನ ಮೇಲೆ, ಎದೆಯ ಮೇಲೆ ಹಂಡೆಹಂಡೆ ಬಿಸಿನೀರು ಬೀಳಬೇಕು. ನೀರು ಹಾಕೋಣವೆಂದರೆ ಬಚ್ಚಲಲ್ಲಿ ತಣ್ಣೀರು ನಿಂತಿದೆ. ಎತ್ತಿ ಹೊರಗೆ ಚೆಲ್ಲಿದರೂ ಹುಯ್ದ ನೀರು ಮತ್ತೆ ಅಲ್ಲೇ ನಿಲ್ಲುತ್ತದೆ. ಮಾಸಿನ ಮೇಲೆ ಬೀಳಬೇಕಾದ ನೀರನ್ನು ಬೀದಿಗೆ ಚೆಲ್ಲಲು ಶಂಕರಮ್ಮ ಒಪ್ಪುವವರಲ್ಲ. ಹೊರಗೆ ಕೂರಿಸೋಣವೆಂದರೆ ಮಂಜಿನ ಗಾಳಿ.

"ಪೈಪ್ ಕೀಳ್ಸಿಬುಡ್ತೀನಿ," ಎಂದರು ಸದಾಶಿವಪ್ಪ ಹೊರಗಿನಿಂದಲೇ. "ಮಾದಸ್ವಾಮಿ, ಗುದ್ದಲಿ ತಕಂಡ್ಬಾ. ಗುಂಡಿ ಅಂಚ್ಗೆ ಗಾರೆ ಆಕಿ ಪೈಪ್ ಕೂರ್ಸವ್ರೆ, ಅಲ್ಲಿಂದ್ಲೇ ಅಗೀಬೇಕು."

"ಗುಂಡಿಗೆ ಗುದ್ದಲಿ ಆಕಿದ್ರೆ ನನ್ ಮೇಲೆ ಆಣೆ!" ಎಂದರು ಶಂಕರಮ್ಮ. "ಕೂಸಿನ ಮಾಸು ಅದೆ ಅಲ್ಲಿ. ನಿಮ್ ಮೈಸೂರ್ ಪೈಪಿಗೆ ನನ್ ಮೊಮ್ಮಗಳ ಬಲಿ ಕೊಡ್ತೀರಾ?"

"ಅಂಗಾರೆ ಕುದಿಯೋ ನೀರು ಉಯ್ಯಿ."

"ಉಯ್ದ್ರೆ ಅದೂ ಅಲ್ಲಿಗೇ ಓಗಿ ಬೀಳದು. ಕೂಸಿನ ಮೈಯೆಲ್ಲ ಬೊಬ್ಬೆ ಏಳ್ತದೆ. ಅದೂ ಗೊತ್ತಿಲ್ವಾ ನಿಮ್ಗೆ?"

ಗಂಡ ಹೆಂಡತಿ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ನಿಂತು ಮಾತಾಡುತ್ತಿದ್ದರು. ನಡುವೆ ಕೂಸಿನ ದನಿ ಸಣ್ಣಗಾಗುತ್ತಿತ್ತು.

ಚಿಕ್ಕನಿಂಗಮ್ಮ ಹಿತ್ತಲಿಗೆ ಬಂದು ಪೈಪಿನ ಮೇಲೆ ಕೈ ಇಟ್ಟಳು. ಹೆಣದ ಹಾಗೆ ತಣ್ಣಗಿತ್ತು. ಮಂಜಿನ ಹನಿಗಳು ಅದರ ಮೈಮೇಲೆ ಬೆವರಿನ ಹಾಗೆ ಕುಳಿತಿದ್ದವು. ಅವಳಿಗೆ ಅದು ಕಬ್ಬಿಣ ಎನಿಸಲಿಲ್ಲ. ಚಳಿಗೆ ಸೆಡೆತು ಗೋಡೆಯ ಕಡೆ ತಿರುಗಿ ಮಲಗಿದ ಯಾರೋ ಹೆಂಗಸು ಎನಿಸಿತು. ಒಳಗೆ ಬಿಸಿನೀರು ಹುಯ್ಯಬಾರದು, ಸರಿ. ಹೊರಗಿನಿಂದ ಕಾವು ಕೊಡಬಾರದು ಎಂದು ಯಾರೂ ಹೇಳಿಲ್ಲವಲ್ಲ. ಸೊಂಟ ಹಿಡಿದ ಬಾಣಂತಿಗೆ ಕೊಡುವ ಹಾಗೆ.

"ಅಮ್ಮೋರೆ, ರಾಗಿ ಹೊಟ್ಟು, ಮರಳು, ಉಪ್ಪು, ಹಳೇ ಸೀರೆ," ಎಂದಳು. "ಬಾಣಲೆ ಒಲೆ ಮ್ಯಾಲೆ ಇಡಿ."

ಹೊಟ್ಟು, ಮರಳು, ಉಪ್ಪು ಹುರಿದು, ಹಳೇ ಬಟ್ಟೆಯಲ್ಲಿ ಗಂಟು ಕಟ್ಟಿ, ಪೈಪಿಗೆ ಸೀರೆ ಸುತ್ತಿ ಅದರ ಮೇಲೆ ಗಂಟುಗಳನ್ನು ಒತ್ತಿ ಹಿಡಿದಳು. ಬಚ್ಚಲ ಗೋಡೆಯ ಹತ್ತಿರದಿಂದ ಶುರು ಮಾಡಿದಳು, ನೀರು ನಿಂತಿರುವುದು ಅಲ್ಲೇ ಎಂದು. ಶಂಕರಮ್ಮ ಬಿಸಿ ಗಂಟು ತಂದು ಕೊಡುವರು, ಇವಳು ಆರಿದ್ದನ್ನು ಕೊಟ್ಟು ಬಿಸಿಯದನ್ನು ಇಡುವಳು. ಸುಟ್ಟ ಹೊಟ್ಟಿನ ವಾಸನೆ ಮಂಜಿನಲ್ಲಿ ಹರಡಿತು.

"ಪೈಪ್ಗೂ ಬಾಣಂತನ ಮಾಡ್ತಾವ್ಳೆ," ಎಂದ ಮಾದಸ್ವಾಮಿ. ಅವನು ಅವತ್ತು ಆಡಿದ ಉದ್ದನೆಯ ಮಾತು ಅದೇ.

"ಸುಮ್ಕಿರ್ಲಾ. ನಿನ್ ಕಂಬ್ಳೀನೂ ಕೊಡು, ಹೊದ್ದಿಸ್ಬೇಕು."

ಬಚ್ಚಲೊಳಗೆ ಗುಳಕ್ ಎಂದಿತು. ನಿಂತ ನೀರು ಸ್ವಲ್ಪ ಇಳಿಯಿತು. "ಓಯ್ತು, ಓಯ್ತು!" ಎಂದು ಸದಾಶಿವಪ್ಪನವರು ಚಪ್ಪಾಳೆಯನ್ನೇ ತಟ್ಟಿಬಿಟ್ಟರು. ಆದರೆ ಅಷ್ಟಕ್ಕೇ ನಿಂತಿತು. ಎಷ್ಟು ಕಾವು ಕೊಟ್ಟರೂ ಮತ್ತೆ ಇಳಿಯಲಿಲ್ಲ. ಚಿಕ್ಕನಿಂಗಮ್ಮ ಬೆರಳ ಗೆಣ್ಣಿನಿಂದ ಪೈಪನ್ನು ಕುಟ್ಟುತ್ತ ಹೋದಳು. ಗೋಡೆಯ ಹತ್ತಿರ ಠಣ್ ಎಂದಿತು. ತಿರುವಿನಿಂದ ಆಚೆ ದೊಪ್ ಎಂದಿತು. ಕರಗಿದ್ದೆಲ್ಲ ಕೆಳಗಿಳಿದು, ತಣ್ಣನೆಯ ತಿರುವಿನಲ್ಲಿ ಮತ್ತೆ ಹೆಪ್ಪುಗಟ್ಟಿ, ಮೊದಲಿಗಿಂತ ಬಿಗಿಯಾಗಿ ಕುಳಿತಿತ್ತು. ಕೆಲಸ ಮಾಡಿದ್ದಲ್ಲ, ಕೆಡಿಸಿದ್ದು.

"ಗುದ್ದಲಿ ತತ್ತೀನಿ," ಎಂದರು ಸದಾಶಿವಪ್ಪ. ಈ ಸಲ ಶಂಕರಮ್ಮ ಬೇಡವೆನ್ನಲಿಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡರು.

"ಒಂದ್ ಗಳಿಗೆ ಇರಿ ಬುದ್ದಿ," ಎಂದು ಚಿಕ್ಕನಿಂಗಮ್ಮ ಕೋಣೆಗೆ ಹೋದಳು. ಕೂಸಿಗೆ ಒಂದು ಹನಿಯಾದರೂ ಸಿಗಲೆಂದು ಗುರುಬಸಮ್ಮನ ಎದೆಯನ್ನು ಮೇಲಿನಿಂದ ಕೆಳಕ್ಕೆ ನೀವಿದಳು. ಗುರುಬಸಮ್ಮ ಚೀರಿ ಅವಳ ಕೈ ತಳ್ಳಿದಳು. ಚಿಕ್ಕನಿಂಗಮ್ಮನ ಕೈ ಗಾಳಿಯಲ್ಲೇ ನಿಂತಿತು. ಅವಳು ಕಣ್ಣು ಅರೆಮುಚ್ಚಿದಳು. ಯಾವುದೋ ಬಚ್ಚಲ ಹಬೆಯೊಳಗಿಂದ ಕೆಂಪಾಜಮ್ಮನ ಗದರಿಕೆ ಕೇಳಿದ ಹಾಗಾಯಿತು. "ತುದಿ ಮೆತ್ತಗಾಗ್ದೆ ಮ್ಯಾಗ್ಳಿಂದ ಒತ್ತುದ್ರೆ ಅದು ಎಲ್ಲಿಗೋಯ್ತದಮ್ಮಿ? ಮೊದ್ಲು ಬಾಗ್ಲು ತಗಿ, ಆಮ್ಯಾಲೆ ಕರಿ."

ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ತೊಟ್ಟಿನ ಸುತ್ತ ಮಾತ್ರ ಒತ್ತಿ ಹಿಡಿದಳು. ಬಹಳ ಹೊತ್ತಿನ ಮೇಲೆ ಸೂಜಿಮೊನೆಯಷ್ಟು ಹಾಲು ಮೂಡಿತು. ಅದನ್ನೇ ನೋಡುತ್ತ ಕುಳಿತವಳು ತಟಕ್ಕನೆ ಎದ್ದಳು.

"ಎಲ್ಲಿಗೋಯ್ತಿಯ ನಿಂಗವ್ವ?"

"ಅವ್ಳ್ಗೂ ತುದಿಯಿಂದ್ಲೇ ಮಾಡ್ಬೇಕಾಗಿತ್ತು ಕಣವ್ವ," ಎಂದಳು ಚಿಕ್ಕನಿಂಗಮ್ಮ. ಅವಳು ಹೇಳಿದ್ದು ಪೈಪಿನ ವಿಚಾರ ಎಂದು ಗುರುಬಸಮ್ಮನಿಗೆ ಆಮೇಲೆ ತಿಳಿಯಿತು.

ಹಿತ್ತಲಲ್ಲಿ ಗುದ್ದಲಿ ಬಂದಿತ್ತು. ಚಿಕ್ಕನಿಂಗಮ್ಮ ಗುಂಡಿಯ ಪಕ್ಕ ಮೊಳಕಾಲೂರಿ, ಗೋಡೆಯ ಕಡೆ ಸುತ್ತಿದ್ದ ಹಳೇ ಸೀರೆ, ಕಂಬಳಿ ಎಲ್ಲ ಬಿಚ್ಚಿ ಪೈಪಿನ ಬಾಯಿಗೆ ಸುತ್ತಿ, ಬಿಸಿ ಗಂಟುಗಳನ್ನು ಅಲ್ಲಿ ಒತ್ತಿದಳು. ಅವಳ ಕೈ ಕೆಂಪಗಾಗಿತ್ತು. ಮಂಜು ತಲೆಯ ಮೇಲೆ ಬೀಳುತ್ತಿತ್ತು. ಬಾಳೆಲೆಯ ತುದಿಯಿಂದ ತೊಟ್ಟಿಕ್ಕುವ ಹನಿಯ ಸದ್ದು ಬಿಟ್ಟರೆ ಲೋಕವೇ ಇಲ್ಲದ ಹಾಗಿತ್ತು. "ಬಾ ಕಣ್ಣು, ಬಾ ಕಣ್ಣು," ಎಂದು ಅವಳು ಪೈಪಿಗೆ ಹೇಳುತ್ತಿದ್ದಳೋ ತನಗೇ ಹೇಳಿಕೊಳ್ಳುತ್ತಿದ್ದಳೋ ಶಂಕರಮ್ಮನಿಗೆ ತಿಳಿಯಲಿಲ್ಲ.

ಮೊದಲು ಬಾಯಿಯಲ್ಲಿ ಒಂದು ಬಿಳೀ ತುಣುಕು ಹೊಳೆಯಿತು. ಮೆಲ್ಲಗೆ ಜಾರಿ ಗುಂಡಿಗೆ ಬಿತ್ತು. ಅವಳು ಗಂಟುಗಳನ್ನು ಒಂದು ಗೇಣು ಮೇಲಕ್ಕೆ ಸರಿಸಿದಳು. ಇನ್ನೊಂದು ಗೇಣು. ಕರಗಿದ್ದಕ್ಕೆ ಈಗ ಹೋಗಲು ದಾರಿಯಿತ್ತು. ಎಣ್ಣೆಯೂ ಸೀಗೆಯ ಕಸವೂ ಎಳೆಎಳೆಯಾಗಿ ಇಳಿಯತೊಡಗಿದವು. ತಿರುವಿಗೆ ಕಾವು ಮುಟ್ಟಿದಾಗ ಪೈಪಿನೊಳಗೆ ಯಾರೋ ಆಕಳಿಸಿದ ಹಾಗೆ ಸದ್ದಾಯಿತು. ಆಮೇಲೆ ಒಂದೇ ಸಲಕ್ಕೆ ನಿನ್ನೆಯ ನೀರೆಲ್ಲ ಭರ್ರೆಂದು ಬಂದು ಬಾಳೆಯ ಬುಡ ತೋಯಿಸಿತು. ಮಾದಸ್ವಾಮಿಯ ಪಂಚೆಯೂ ತೊಯ್ದಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಶಂಕರಮ್ಮ ಆಗಲೇ ಹಂಡೆಯ ಕೆಳಗೆ ಸೌದೆ ತುರುಕುತ್ತಿದ್ದರು.

ಬಚ್ಚಲು ತೊಳೆದು, ಗುರುಬಸಮ್ಮನನ್ನು ಮಣೆಯ ಮೇಲೆ ಕೂರಿಸಿದರು. ಚಿಕ್ಕನಿಂಗಮ್ಮ ಬೆನ್ನಿನ ಮೇಲೆ, ಭುಜದ ಮೇಲೆ, ಎದೆಯ ಮೇಲೆ ಚೊಂಬು ಚೊಂಬಾಗಿ ನೀರು ಹುಯ್ದಳು. ಹಬೆ ಏರಿ ಏರಿ ಮೂವರು ಹೆಂಗಸರ ಮುಖವೂ ಒಬ್ಬರದೊಬ್ಬರಿಗೆ ಕಾಣದಾಯಿತು. ಆ ಬಿಳುಪಿನೊಳಗೆ ಗುರುಬಸಮ್ಮನ ಉಸಿರು ನಿಧಾನವಾಗಿ ಸಡಿಲವಾಯಿತು. "ನಿಂಗವ್ವ, ತಾನಾಗೇ ಇಳೀತಾ ಅದೆ," ಎಂದಳು. ನೀರಿನ ಜೊತೆ ಹಾಲೂ ಇಳಿಯುತ್ತಿತ್ತು. ಒರೆಸಿ, ಬೆಚ್ಚಗೆ ಹೊದಿಸಿ, ಕೂಸನ್ನು ಎದೆಗೆ ಹಿಡಿದರು. ಮೊದಲು ಜಾರಿತು, ಸಿಟ್ಟು ಮಾಡಿತು, ಮತ್ತೆ ಹುಡುಕಿತು. ಆಮೇಲೆ ಗುಟುಕಿನ ಸದ್ದು.

ಹೊರಗೆ ಅಳು ನಿಂತದ್ದು ಕೇಳಿ ಸದಾಶಿವಪ್ಪನವರು ಗಾಬರಿಯಾದರು. "ಏನಾಯ್ತೇ? ಯಾಕೆ ಸದ್ದಿಲ್ಲ?"

"ಬಾಯ್ಗೆ ಕೆಲ್ಸ ಸಿಕ್ಕದೆ ಕಣ್ರಿ, ಅದ್ಕೆ ಸದ್ದಿಲ್ಲ," ಎಂದರು ಶಂಕರಮ್ಮ. "ನಿಮ್ಗೂ ಸಿಕ್ಕಿದ್ರೆ ಚೆನ್ನಾಗಿತ್ತು."

ಅಂದಿನಿಂದ ಆ ಮನೆಯಲ್ಲಿ ಹಿಪ್ಪೆ ಎಣ್ಣೆ ದೀಪಕ್ಕೆ ಮಾತ್ರ, ಬಾಣಂತಿಗೆ ಹರಳೆಣ್ಣೆ. ಚಳಿ ಕಳೆಯುವ ತನಕ ಸದಾಶಿವಪ್ಪನವರೇ ಬೆಳಿಗ್ಗೆ ಎದ್ದು ಪೈಪಿನ ಬಾಯಿಗೆ ಬಿಸಿ ಗಂಟು ಇಡುತ್ತಿದ್ದರಂತೆ. ಗುರುಬಸಮ್ಮ ಬಾಣಂತನ ಮುಗಿಸಿ ಧನಗೆರೆಗೆ ಹೊರಡುವಾಗ ಕೂಸಿಗೆ ಚೆನ್ನಮಲ್ಲಮ್ಮ ಎಂದು ಹೆಸರಿಟ್ಟಿದ್ದರು. ಚಿಕ್ಕನಿಂಗಮ್ಮ ಮಾತ್ರ ಅದನ್ನು ಹೊರಡುವ ದಿನದ ತನಕ ಕಣ್ಣು ಎಂದೇ ಕರೆದಳು.

ಇಲ್ಲಿಗೆ ನಿಲ್ಲಿಸುತ್ತೇನೆ. ನಾಳೆ ಅವಳ ಕೆಲಸ ಮುಗಿದ ಮೇಲೆ ಅವಳ ಜಗಲಿಗೆ ಹೋಗಿ ಇದನ್ನು ಓದಿ ಹೇಳುತ್ತೇನೆ. ಅವಳು ತಪ್ಪು ಎಂದ ಕಡೆ ಹೊಡೆದುಹಾಕಿ ಸರಿಯಾಗಿ ಬರೆಯುತ್ತೇನೆ.